ಡ್ರೈವರ್ ಕುದುರೆ ಹತ್ತಿದ್ದು

ಜೀವಮಾನವೆಲ್ಲ ಬಸ್ಸು ಓಡಿಸಿದವನನ್ನು ಕುದುರೆಯ ಮೇಲೆ ಕೂರಿಸಿದರೆ ಏನಾಗುತ್ತದೆ? ಅವನು ಬ್ರೇಕು ಹುಡುಕುತ್ತಾನೆ. ನಮ್ಮ ಡ್ರೈವರಿಗೆ ಆದದ್ದೂ ಅದೇ. ಕುದುರೆ ಸ್ವಲ್ಪ ಜೋರಾಗಿ ಹೆಜ್ಜೆ ಹಾಕಿದ್ದೇ ತಡ, ಅವನ ಬಲಗಾಲು ತನ್ನಷ್ಟಕ್ಕೆ ತಾನೇ ಒತ್ತಿತು. ಹಿಮ್ಮಡಿ ಹೋಗಿ ಕುದುರೆಯ ಪಕ್ಕೆಗೆ ತಿವಿಯಿತು. ಹಿಮ್ಮಡಿ ತಾಗಿದರೆ ನಡೆಯಬೇಕು ಅಂತ ಕಲಿತ ಕುದುರೆ ಅದು, ಪಾಪ, ಓಟಕ್ಕೇ ಬಿತ್ತು. ಇವನು ಇನ್ನೂ ಬಲವಾಗಿ ಒತ್ತಿದ. ಅದು ಇನ್ನೂ ಜೋರಾಗಿ ಓಡಿತು.

"ಲೋ, ಬ್ರೇಕ್ ಹಿಡೀತಿಲ್ಲ ಕಣ್ರೋ!"

ಬೇಲಿಗೆ ಒರಗಿ ನಿಂತಿದ್ದ ಗೆಳೆಯರಿಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಒಬ್ಬ ಅವನ ಬಸ್ಸಿನಲ್ಲೇ ಕಂಡಕ್ಟರಾಗಿದ್ದವನು, ಇನ್ನೊಬ್ಬ ಅದೇ ಡಿಪೋದ ಮೆಕ್ಯಾನಿಕ್. ಮೂವರೂ ನಿವೃತ್ತರು. ಸಾಯುವುದರೊಳಗೆ ಒಮ್ಮೆ ಪರದೇಶ ನೋಡಬೇಕೆಂದು ಹಟ ಹಿಡಿದು, ಕುದುರೆ ಸಾಕುವವರ ಮನೆಯಲ್ಲೇ ಉಂಡು ಮಲಗಿ ಸವಾರಿ ಮಾಡುವ ಈ ಫಾರ್ಮನ್ನು ಫೋನಿನಲ್ಲಿ ಹುಡುಕಿದವನು ಮೆಕ್ಯಾನಿಕ್. ಉದ್ದನೆಯ ಮರದ ಮನೆ, ಒಂದೇ ಕೋಣೆಯಲ್ಲಿ ಮೂರು ಮಂಚ, ಬಾಗಿಲ ಹೊರಗೆ ಕೆಸರು ಮೆತ್ತಿದ ಬೂಟುಗಳು, ಅಂಗಳ ದಾಟಿದರೆ ಲಾಯ. ಹಾಸಿಗೆಯ ಹೊದಿಕೆಗೂ ತೊಗಲಿನ ವಾಸನೆ ಹತ್ತಿಕೊಂಡಿತ್ತು.

ಫಾರ್ಮಿನ ಒಡತಿ ಬಂದು ಕುದುರೆಯನ್ನು ನಿಲ್ಲಿಸಿ, ತನ್ನ ಭಾಷೆಯಲ್ಲಿ ಒಂದಿಷ್ಟು, ಇಂಗ್ಲಿಷಿನಲ್ಲಿ ಒಂದಿಷ್ಟು ಹೇಳಿದಳು. ಕಂಡಕ್ಟರ್ ಅದನ್ನು ಕನ್ನಡಕ್ಕೆ ತಂದ. "ಲಗಾಮು ಎಳೆದ್ರೆ ನಿಲ್ಲುತ್ತಂತೆ. ಕಾಲು ತೆಪ್ಪಗಿಟ್ಕೋಬೇಕಂತೆ. ಇದು ನಿಮ್ಮಪ್ಪನ ಬಸ್ಸಲ್ವಂತೆ."

"ಕೊನೇದು ಅವಳು ಹೇಳಿದ್ದಾ, ನೀನು ಸೇರಿಸಿದ್ದಾ?"

ಡ್ರೈವರ್ ತಾನೂ ನಕ್ಕ. ಆದರೆ ಆ ನಗೆಯ ಕೆಳಗೆ ಅವನೊಂದು ಗುಟ್ಟನ್ನು ಅದುಮಿಟ್ಟುಕೊಂಡು ಬಂದಿದ್ದ. ಬೇಸಿಗೆಗೆ ಮುಂಚೆ ಕಣ್ಣಿನ ಡಾಕ್ಟರು ಅವನ ಮುಖವನ್ನು ಬಟ್ಟಲಿನಂಥ ಯಂತ್ರದೊಳಗೆ ಇಡಿಸಿ, ದೀಪ ಮಿನುಗಿದಾಗಲೆಲ್ಲ ಗುಂಡಿ ಒತ್ತಿ ಅಂದಿದ್ದರು. ಎಡಗಡೆ ದೀಪವೇ ಬರಲಿಲ್ಲ. "ಯಂತ್ರ ಕೆಟ್ಟಿದೆ ಸಾರ್, ನಮ್ಮ ಮೆಕ್ಯಾನಿಕ್‌ನ ಕಳಿಸ್ಲಾ?" ಎಂದು ಇವನು ತಮಾಷೆ ಮಾಡಿದ್ದ. ಡಾಕ್ಟರು ನಗಲಿಲ್ಲ. ಎಡಗಣ್ಣಿನ ಪಕ್ಕದ ನೋಟ ಹೋಗಿದೆ, ಅದು ವಾಪಸು ಬರುವುದಿಲ್ಲ, ಇನ್ನು ಮೇಲೆ ಗಾಡಿ ಓಡಿಸಬೇಡಿ ಎಂದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಇವನದು. ಎದುರಿನ ಅಂಗಡಿಯ ಬೋರ್ಡು ಓದಿಕೊಂಡ, ಸ್ಪಷ್ಟವಾಗಿ ಕಂಡಿತು. ಡಾಕ್ಟರಿಗೇನು ಗೊತ್ತು ಅಂದುಕೊಂಡ. ಮನೆಯಲ್ಲಿ ಬರೀ ಹನಿ ಹಾಕಿಕೊಳ್ಳಲು ಹೇಳಿದ್ದಾರೆ ಅಂತ ಹೇಳಿ ಮುಗಿಸಿದ. ಹೇಳುವುದಾದರೂ ಹೇಗೆ ಹೇಳಿ? ಮಗಳು ಪುಟ್ಟ ಮಕ್ಕಳಿಗಾಗಿ ಒಂದು ಶಾಲೆ ತೆರೆದಿದ್ದಳು. ರಜೆ ಮುಗಿದರೆ ಶಾಲೆಯ ವ್ಯಾನು ಹೊರಡಬೇಕು, ಅದಕ್ಕೆ ಅಪ್ಪನೇ ಡ್ರೈವರು ಅಂದಿದ್ದಳು. ನಿವೃತ್ತಿಯ ಮಾರನೆಯ ದಿನದಿಂದ ತರಕಾರಿ ತರುವುದೊಂದೇ ಕೆಲಸವಾಗಿ ಒಣಗಿಹೋಗಿದ್ದ ಮನುಷ್ಯನಿಗೆ ಅವಳ ಆ ಮಾತಿನಿಂದ ಹೋದ ಜೀವ ಬಂದಂತೆ ಆಗಿತ್ತು. ಹೂಂ ಅಂದುಬಿಟ್ಟಿದ್ದ. ಈಗ ಆ ಹೂಂ ಎದೆಯ ಮೇಲೆ ಕೂತಿತ್ತು.

ಮರುದಿನ ಒಡತಿ ಮೂವರನ್ನೂ ಹುಲ್ಲುಗಾವಲಿನ ದಾರಿಗೆ ಕರೆದೊಯ್ದಳು. ಡ್ರೈವರಿಗೆ ಕುದುರೆ ಒಗ್ಗಿತ್ತು. ಲಗಾಮು ಎಷ್ಟು ಎಳೆಯಬೇಕು, ಹಿಮ್ಮಡಿ ಎಲ್ಲಿ ತಾಗಿಸಬೇಕು ಎಲ್ಲ ಕೈಕಾಲಿಗೆ ಇಳಿದಿತ್ತು. ಒಂದು ಗೇಟಿನ ಹತ್ತಿರ ಎಲ್ಲರೂ ನಿಂತಾಗ, ತಾನೇ ಮುಂದೆ ಹೋಗೋಣವೆಂದು ಎಡಕ್ಕೆ ಲಗಾಮು ಎಳೆದ. ಕುದುರೆ ಕತ್ತು ತಿರುಗಿಸಿತೇ ಹೊರತು ಕಾಲು ಕೀಳಲಿಲ್ಲ. ಹಿಮ್ಮಡಿ ತಾಗಿಸಿದ. ಊಹೂಂ.

"ಮೊಂಡು ಮುಂಡೇದೆ, ನಿನ್ನೆ ಬೇಡ ಅಂದ್ರೂ ಓಡ್ತಿದ್ದೆ, ಇವತ್ತೇನು ಬಂತು?" ಎಂದು ಬೈದು ಬಲವಾಗಿಯೇ ಒದ್ದ. ಕುದುರೆ ಚರ್ಮ ಅದುರಿಸಿ, ಕಿವಿ ಹಿಂದಕ್ಕೆ ಮಡಚಿ, ಕಂಬದ ಹಾಗೆ ನಿಂತಿತು. ಹಿಂದಿನಿಂದ ಒಡತಿ ಚೀರಿದಳು. ಡ್ರೈವರ್ ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿ ನೋಡಿದ. ಕುದುರೆಯ ಮುಂಗಾಲಿನ ಪಕ್ಕದಲ್ಲೇ, ಬೆನ್ನು ತಿರುಗಿಸಿ ಕುಕ್ಕುರುಗಾಲಿನಲ್ಲಿ ಕೂತು, ತನ್ನ ಕುದುರೆಯಿಂದ ಇಳಿದಿದ್ದ ಮೆಕ್ಯಾನಿಕ್ ಬೂಟಿನ ಲೇಸು ಕಟ್ಟುತ್ತಿದ್ದ.

"ಏನೋ, ತುಳಿಸೇಬಿಡೋಣ ಅಂತಿದ್ಯಾ? ನಾನಿನ್ನೂ ತಿರುಗಿ ಊರಿಗೆ ಹೋಗ್ಬೇಕು ಮಾರಾಯ!" ಎಂದು ಮೆಕ್ಯಾನಿಕ್ ನಗುತ್ತ ಎದ್ದ. ಕಂಡಕ್ಟರೂ ನಕ್ಕ.

ಡ್ರೈವರ್ ಮಾತ್ರ ಮೆಕ್ಯಾನಿಕ್‌ನನ್ನೇ ನೋಡುತ್ತಿದ್ದ. ಮೆಕ್ಯಾನಿಕ್ ತೊಟ್ಟಿದ್ದದ್ದು ಕೆಂಪು ಜಾಕೀಟು, ಕುರುಡನಿಗೂ ಕಾಣುವಂಥ ಕೆಂಪು. ಇವನಿಗೆ ಮಸುಕಾಗಿಯೂ ಕಂಡಿರಲಿಲ್ಲ. ಕತ್ತಲೆಯಾದರೂ ಕಂಡಿದ್ದರೆ ಅನುಮಾನ ಬರುತ್ತಿತ್ತು. ಅವನ ಕಣ್ಣಿಗೆ ಅಲ್ಲಿ ಹುಲ್ಲಿತ್ತು, ದಾರಿಯಿತ್ತು, ಬಿಸಿಲಿತ್ತು, ಮನುಷ್ಯ ಇರಲಿಲ್ಲ. ಮೈಯೆಲ್ಲ ಕಣ್ಣಾಗಿ ಗಾಡಿ ಓಡಿಸಿದವನು ಅಂತ ಡಿಪೋದಲ್ಲಿ ಇವನ ಹೆಸರು! ಕುದುರೆಗೆ ತನ್ನದೇ ಕಣ್ಣಿತ್ತು, ಒದ್ದರೂ ನಿಂತಿತು. ವ್ಯಾನಿಗೆ ಎಲ್ಲಿಯ ಕಣ್ಣು? ಅದು ಒತ್ತಿದರೆ ಹೋಗುತ್ತದೆ. ಮಕ್ಕಳು ಇಳಿಯುವುದೂ ಎಡಗಡೆಗೇ.

ಅವನು ಇಳಿದು ಕುದುರೆಯ ಕತ್ತಿಗೆ ಹಣೆ ಒತ್ತಿ ನಿಂತುಬಿಟ್ಟ. ಒದ್ದದ್ದಕ್ಕೆ ನಾಚಿಕೆಯಾಯಿತು.

ಸಂಜೆ ಜಗಲಿಯ ಬೆಂಚಿನ ಮೇಲೆ ಗೆಳೆಯರಿಗೆ ಎಲ್ಲ ಹೇಳಿದ. ಯಾರೂ ತಮಾಷೆ ಮಾಡಲಿಲ್ಲ.

"ಮಗಳಿಗೆ ಹೇಳಿದೀಯಾ?" ಕಂಡಕ್ಟರ್ ಕೇಳಿದ.

"ಊರಿಗೆ ಹೋಗಿ ಹೇಳ್ತೀನಿ."

"ಊರಿಗೆ ಹೋದ್ರೆ ನೀನು ಹೇಳಲ್ಲ. ನಿನ್ನ ನಾನು ಇವತ್ತು ನೋಡ್ತಿದೀನಾ? ಮಾಡು ಫೋನು."

ಮಾಡಿದ. ಮಗಳು ಎತ್ತಿದ ಕೂಡಲೇ, "ಕುದುರೆ ಹತ್ತಿದ್ರಾ ಅಪ್ಪಾ? ಫೋಟೋ ಕಳಿಸಿ!" ಎಂದಳು.

"ಅಮ್ಮಾ, ವ್ಯಾನಿಗೆ ಬೇರೆ ಡ್ರೈವರ್‌ನ ನೋಡ್ಕೋ. ನನಗೆ ಎಡಗಡೆ ಕಾಣಿಸ್ತಿಲ್ಲ," ಎಂದ. ಡಾಕ್ಟರು ಹೇಳಿದ್ದು, ತಾನು ಮುಚ್ಚಿಟ್ಟಿದ್ದು, ಗೇಟಿನ ಹತ್ತಿರ ಆದದ್ದು, ಒಂದನ್ನೂ ಬಿಡದೆ ಹೇಳಿದ. ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಇಷ್ಟೇ ತಾನೇ, ಯಾಕಾದರೂ ಇಷ್ಟು ದಿನ ಒದ್ದಾಡಿದೆನೋ ಅನ್ನಿಸಿತು. ಅವಳು ಬೈದರೂ ಬೈಯಲಿ, ಮಕ್ಕಳು ಉಳಿದವಲ್ಲ.

ಅವಳು ಬೈಯಲಿಲ್ಲ. "ಡಾಕ್ಟರು ಹೇಳಿದ್ದು ಬೇಸಿಗೆಗೆ ಮುಂಚೇನಾ ಅಪ್ಪಾ?" ಎಂದಳು.

"ಹೂಂ."

"ಅವತ್ತಿಂದ ನೀವು ಪುಟ್ಟಿನ ದಿನಾ ಸ್ಕೂಟರ್ ಮೇಲೆ ಕರ್ಕೊಂಡು ಹೋಗ್ತಿದ್ರಲ್ಲ."

ಮೊಮ್ಮಗಳು ಸ್ಕೂಟರಿನ ಮುಂದೆ ನಿಂತು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ತಾತಾ ಇನ್ನೂ ಜೋರಾಗಿ, ಇನ್ನೂ ಜೋರಾಗಿ ಅನ್ನುತ್ತಿದ್ದದ್ದು ಡ್ರೈವರ್‌ನ ಕಣ್ಣಿಗೆ ಕಟ್ಟಿತು. ಅಯ್ಯೋ, ವ್ಯಾನಿನ ಚಿಂತೆಯಲ್ಲಿ ಅದು ಅವನ ತಲೆಗೆ ಬಂದೇ ಇರಲಿಲ್ಲ. ತಾನು ಗಂಡಸು, ಗೆಳೆಯರು ಎದುರಿಗಿದ್ದಾರೆ ಅಂತಲೂ ನೋಡದೆ ಬಿಕ್ಕಿ ಬಿಕ್ಕಿ ಅತ್ತ.

"ಸ್ಕೂಟರ್ ಕೀ ಎಲ್ಲಿಟ್ಟಿದೀರಿ?" ಮಗಳು ಕೇಳಿದಳು.

"ಬಾಗಿಲ ಹಿಂದೆ ಇದೆ ನೋಡು."

ಅವಳು ನಡೆದು ಹೋಗುವ ಸದ್ದು, ಬಾಗಿಲು ಸರಿಸಿದ ಸದ್ದು, ಆಮೇಲೆ ಕೀ ಕಿಣಿಕಿಣಿ ಎಂದದ್ದು ಅಷ್ಟು ದೂರಕ್ಕೂ ಸ್ಪಷ್ಟವಾಗಿ ಕೇಳಿಸಿತು.

"ಸಿಕ್ತು," ಎಂದಳು. ಅವಳ ದನಿಯೂ ಒಡೆದಿತ್ತು. "ಅಳಬೇಡಿ ಅಪ್ಪಾ. ಅಲ್ಲಿ ರಸ್ತೆ ದಾಟುವಾಗ ಯಾರದಾದ್ರೂ ಕೈ ಹಿಡ್ಕೊಳ್ಳಿ."