ಮಾಳಪ್ಪನನ್ನು ಕೆಳಗಿಳಿಸಿದ್ದು

ತಿಕೋಟಾದ ಒಣದ್ರಾಕ್ಷಿ ಅಂಗಡಿಯೊಳಗೆ ಕಾಲಿಟ್ಟರೆ ಸಾಕು, ಆ ಹುಳಿಸಿಹಿ ವಾಸನೆ ನನ್ನನ್ನು ಹಿಮದ ನಡುವೆ ನಿಲ್ಲಿಸುತ್ತದೆ. ನಗಬೇಡಿ. ಸೈನ್ಯದ ವೈದ್ಯೆಯಾಗಿ ಮೊದಲ ಸಲ ಬೆಟ್ಟದ ಮೇಲಿನ ಠಾಣೆಗೆ ಹೊರಟಾಗ ಅವ್ವ ನನ್ನ ಚೀಲದಲ್ಲಿ ಸ್ವೆಟರಿಗಿಂತ ದ್ರಾಕ್ಷಿಯನ್ನೇ ಹೆಚ್ಚು ತುಂಬಿದ್ದಳು. ಬಿಜ್ಜರಗಿಯ ಬಿಸಿಲಲ್ಲಿ ಬೆಳೆದವಳು ನಾನು. ಆ ಠಾಣೆಯಲ್ಲಿ ರೋಗಿಗಳಿಗಿಂತ ಹೆಚ್ಚು ಕಂಬಳಿ ಹೊದ್ದವಳು ಡಾಕ್ಟರೇ.

ಆ ದ್ರಾಕ್ಷಿ ನೋಡಿಯೇ ಸಿಪಾಯಿ ಮಾಳಪ್ಪ ನನ್ನ ಊರಿನ ಗುರುತು ಹಿಡಿದದ್ದು.

"ನಮ್ಮ ಕಡೀವ ಅಲ್ಲೇನ್ರಿ ಇವು! ನಾ ಸಾರವಾಡದಾಂವ್ರಿ, ಮೇಡಂ."

ಅಂದಿನಿಂದ ನಾನು ಅವನಿಗೆ ಅರ್ಧ ಅಧಿಕಾರಿ, ಅರ್ಧ ಅಕ್ಕ.

ಒಂದು ಮಧ್ಯಾಹ್ನ ಮಾತಿನ ನಡುವೆ ಅವನು ಉಸಿರಿಗಾಗಿ ತಡವರಿಸಿದ. ಅಷ್ಟು ಎತ್ತರದಲ್ಲಿ ಎದೆಯೊಳಗೆ ನೀರು ತುಂಬುವ ಕಾಯಿಲೆಯೊಂದಿದೆ. ಕೆಳಗಿಳಿಸುವುದೇ ಮದ್ದು, ತಡವಾದರೆ ಆಳು ಉಳಿಯುವುದಿಲ್ಲ. ಸ್ಟೆತಾಸ್ಕೋಪ್ ಇಟ್ಟೆ. ಎದೆಯ ತಳದಲ್ಲಿ ಸಣ್ಣ ಚರಚರ ಸದ್ದು. ನಿಜವಾಗಿ ಇತ್ತೋ, ನನ್ನ ಹೆದರಿಕೆಗೆ ಹಾಗೆ ಕೇಳಿಸಿತೋ, ಇವತ್ತಿಗೂ ಗೊತ್ತಿಲ್ಲ.

"ಬರೇ ನೆಗಡಿರಿ. ನಾಳಿ ನಮ್ಮ ಹುಡುಗ್ರು ಮ್ಯಾಲಿನ ಪೋಸ್ಟಿಗೆ ಹೊಂಟಾರ. ನಾ ಒಬ್ಬಾವ್ನ ಇಳದ್ರ ಅಂಜಿ ಓಡ್ಯಾನ ಅಂತಾರ್ರಿ. ನಮ್ಮ ಕಡೆಯವ್ರ ಇದ್ದೀರಿ, ಇದೊಂದ್ಸಲ ಬಿಟ್ಟಬಿಡ್ರಿ."

ನೆಗಡಿಗೆಲ್ಲ ಹೆಲಿಕಾಪ್ಟರ್ ಕರೆಸುವುದೇ, ಬೆಳಗಿನವರೆಗೆ ನೋಡೋಣ ಎಂದರು ಮೇಲಧಿಕಾರಿ. ಹೊರಗೆ ಮೋಡ ಕವಿಯುತ್ತಿತ್ತು. ಅದು ದಟ್ಟವಾದರೆ ಹೆಲಿಕಾಪ್ಟರ್ ಇಳಿಯಲಾರದು. ನಾನು "ಬೆಳಗಿನವರೆಗೆ ಆಗುವುದಿಲ್ಲ ಸರ್, ಈಗಲೇ" ಎಂದೆ. ಕೇಳಿದ್ದಕ್ಕೆಲ್ಲ ಅದೊಂದೇ ಮಾತು. ಕೊನೆಗೆ ಅವರೇ ಬೇಸತ್ತು ಒಪ್ಪಿದರು.

ಹೋಗುವಾಗ ಮಾಳಪ್ಪ ನನ್ನ ಮುಖ ನೋಡಲಿಲ್ಲ. ಕೆಳಗೆ ಮುಟ್ಟಿದ ಮರುದಿನವೇ ಎದ್ದು ಓಡಾಡಿದನಂತೆ! ಠಾಣೆಯಲ್ಲಿ ಬಹಳ ದಿನ ನಾನು 'ನೆಗಡಿ ಡಾಕ್ಟರ್' ಆದೆ. ಸಿಟ್ಟು ಬಂತು, ಅಳುವೂ ಬಂತು. ಹೊತ್ತಿಗೆ ಸರಿಯಾಗಿ ಇಳಿಸಿದವನು ಏನೂ ಆಗದವನಂತೆಯೇ ಕಾಣುತ್ತಾನೆ. ಇದನ್ನು ಯಾರಿಗೆ ಹೇಳಿ ನಂಬಿಸುವುದು?

ಇವತ್ತು ಅಂಗಡಿಯಿಂದ ಹೊರಬಂದು ವಿಜಯಪುರದ ಬಸ್ಸು ಹತ್ತಿದರೆ ಎದುರಿಗೇ ಮಾಳಪ್ಪ. ರಜೆಗೆ ಬಂದಿದ್ದಾನೆ, ಮೈ ತುಂಬಿಕೊಂಡಿದ್ದಾನೆ. ಪಕ್ಕದಲ್ಲಿದ್ದ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರಾ ಏನ್ರಿ, ನೀವು ದಿನಾ ಬೈಯೂ ಡಾಕ್ಟರು?"

"ಇವ್ರ. ಅವತ್ತ ನನಗೇನೂ ಆಗಿದ್ದಿಲ್ಲ. ಸುಮ್ಮನ ಇಳಿಸಿದ್ರು" ಎಂದ ಮಾಳಪ್ಪ, ಇಡೀ ಬಸ್ಸಿಗೆ ಕೇಳುವಂತೆ.

ಮೊದಲಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದೆ. ಇವತ್ತು, ಅಂದು ಉಸಿರಿಗಾಗಿ ತಡವರಿಸಿದ್ದವನ ಈ ಜೋರು ದನಿ ಕೇಳಿ ಹೊಟ್ಟೆ ತಣ್ಣಗಾಯಿತು.

"ಬರೂ ತಿಂಗಳ ಮತ್ತ ಅಲ್ಲೇ ಹೊಂಟೇನಿ, ಮಾಳಪ್ಪ" ಎಂದೆ. "ನೀ ಬಂದ್ರ ಮತ್ತ ಇಳಿಸ್ತೇನಿ."