ಆರಂಭಶೂರನ ಹನ್ನೊಂದು ಸೆಕೆಂಡು

ನನ್ನ ಹೆಂಡತಿಯ ತಮ್ಮನಿಗೆ ನಲವತ್ತು ವರ್ಷ. ಮನೆಯಲ್ಲಿ ಅವನನ್ನು ಆರಂಭಶೂರ ಎಂದು ಕರೆಯುತ್ತಾರೆ. ಈ ಬಿರುದು ಕೊಟ್ಟವರು ಅವನ ಹೆತ್ತ ತಾಯಿ, ಅಂದರೆ ನನ್ನ ಅತ್ತೆ. ಹೊರಗಿನವರು ಕೇಳಿದರೆ, ಪಾಪ, ಹಿಡಿದ ಕೆಲಸವನ್ನೆಲ್ಲ ಅರ್ಧಕ್ಕೆ ಬಿಡುವವನು ಎಂದುಕೊಂಡಾರು. ಹಾಗೇನಿಲ್ಲ. ಅವನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರ ಕ್ಲಿನಿಕ್ಕಿನ ಹಿಂದುಗಡೆ ಅವನದೊಂದು ಕೋಣೆ ಇದೆ. ಅಲ್ಲಿ ಕೂತು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಮೇಣದಲ್ಲಿ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಾನೆ. ನಮ್ಮ ಬೀದಿಯಲ್ಲಿ ನಗುವ ವೃದ್ಧರಲ್ಲಿ ಅರ್ಧ ಜನ ಅವನ ಕೃಪೆಯಿಂದಲೇ ನಗುತ್ತಿದ್ದಾರೆ.

ಅವನು ಆರಂಭಶೂರನಾಗಿರುವುದು ವಿಡಿಯೋ ಗೇಮಿನ ವಿಷಯದಲ್ಲಿ ಮಾತ್ರ. ಗೇಮ್ ಹಾಕಿದ ಕೂಡಲೇ, ಆಟ ಶುರುವಾಗುವುದಕ್ಕೆ ಮುಂಚೆ, ಅದನ್ನು ಮಾಡಿದ ಕಂಪನಿಯ ಲೋಗೋ ಬರುತ್ತದಲ್ಲ? ಒಂದು ಅಕ್ಷರ ಉರುಳಿಕೊಂಡು ಬಂದು ಧಡ್ ಎಂದು ನಿಲ್ಲುತ್ತದೆ, ಇಲ್ಲವೇ ಒಂದು ಹಕ್ಕಿ ಹಾರಿಬಂದು ಕಂಪನಿಯ ಹೆಸರಿನ ಮೇಲೆ ಕೂರುತ್ತದೆ. ಇಡೀ ಜಗತ್ತು ಬೇಗ ಮುಗಿಯಲಿ ಎಂದು ಬಟನ್ ಒತ್ತುವ ಆ ಕೆಲವು ಸೆಕೆಂಡುಗಳಿವೆಯಲ್ಲ, ನಮ್ಮವನಿಗೆ ಬೇಕಾದದ್ದು ಅಷ್ಟೇ. ‘ಆಟ ಶುರುಮಾಡಲು ಬಟನ್ ಒತ್ತಿ’ ಎಂಬ ಸಾಲು ಬಂತೋ, ಎದ್ದು ಹೋಗಿ ಸ್ವಿಚ್ ಆರಿಸುತ್ತಾನೆ. ಆರುನೂರ ಹನ್ನೆರಡು ಗೇಮುಗಳ ಬಾಗಿಲವರೆಗೆ ಹೋಗಿಬಂದಿದ್ದಾನೆ, ಒಂದರ ಒಳಗೂ ಕಾಲಿಟ್ಟಿಲ್ಲ. ಎಲ್ಲದಕ್ಕೂ ನೋಟುಬುಕ್ಕಿನಲ್ಲಿ ಲೆಕ್ಕವುಂಟು: ಎಷ್ಟು ಸೆಕೆಂಡು, ಯಾವ ಬಣ್ಣ, ಯಾವ ಸದ್ದು, ಯಾರ ಜೊತೆ ಕೂತು ನೋಡಿದ್ದು.

“ಅಲ್ಲಯ್ಯಾ, ಆಟ ಹೇಗಿದೆ ಅಂತಾದ್ರೂ ನೋಡಬಾರದಾ?” ಎಂದು ನಾನೊಮ್ಮೆ ಕೇಳಿದ್ದೆ.

“ಆಟ ಚೆನ್ನಾಗಿರಬಹುದು, ದರಿದ್ರವಾಗಿಯೂ ಇರಬಹುದು ಭಾವ. ಆದ್ರೆ ಲೋಗೋ ಮಾಡಿಸೋವಾಗ ಆ ಕಂಪನಿಯವರಿಗೆ ಅದು ಗೊತ್ತಿರಲ್ಲ ನೋಡಿ. ಎಷ್ಟು ಖುಷಿಯಾಗಿರ್ತಾರೆ!”

ನಾನು ಪತ್ರಿಕೆಗೆ ನಗೆಬರಹ ಬರೆಯುವವನು. ನನ್ನ ಲೇಖನಗಳಲ್ಲಿಯೂ ಶೀರ್ಷಿಕೆಯಷ್ಟೇ ಚೆನ್ನಾಗಿರುತ್ತದೆ ಎಂದು ಹೆಂಡತಿ ಹೇಳುತ್ತಿರುತ್ತಾಳೆ. ಆದ್ದರಿಂದ ಹೆಚ್ಚು ವಾದಕ್ಕೆ ಇಳಿಯಲಿಲ್ಲ.

ಲೋಗೋ ಬರುವಾಗ ಅವನ ಮನೆಯಲ್ಲಿ ಒಂದು ಕಟ್ಟಳೆಯಿದೆ. ಯಾರೂ ಮಾತಾಡಬಾರದು, ಏಳಬಾರದು, ಯಾವ ಬಟನ್ನೂ ಮುಟ್ಟಬಾರದು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಅವರ ಮನೆಯ ಮೇಲಿನ ಮಹಡಿಯಲ್ಲೇ ನಾವಿರುವುದರಿಂದ, ವರ್ಷಗಟ್ಟಲೆ ಹೋಗಿಬಂದು ನಮಗೂ ಅದು ಮೈಗಂಟಿಹೋಗಿದೆ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದದ್ದನ್ನು ನನ್ನ ಹೆಂಡತಿ ಕಣ್ಣಾರೆ ನೋಡುತ್ತ ಒಂಬತ್ತು ಸೆಕೆಂಡು ಕಲ್ಲಿನಂತೆ ಕೂತಿದ್ದಳು. ಹತ್ತನೆಯ ಸೆಕೆಂಡಿಗೆ ಕಿರುಚಿದಳು. ಅಷ್ಟರಲ್ಲಿ ಹಾಲು ನೆಲ ಸೇರಿತ್ತು, ಲೋಗೋ ಮಾತ್ರ ಸಾಂಗವಾಗಿ ಮುಗಿದಿತ್ತು.

ಇಷ್ಟೆಲ್ಲ ನೋಡಿದವನಿಗೆ ಒಂದು ಕೊರಗಿತ್ತು. ಹನ್ನೆರಡು ವರ್ಷದವನಿದ್ದಾಗ ಅಂಗಡಿಯೊಂದರಲ್ಲಿ ಅವನು ಒಂದು ಲೋಗೋ ನೋಡಿದ್ದ. ಕಪ್ಪು ಪರದೆ. ಎಡಗಡೆಯಿಂದ ಒಂದು ಬಸವನಹುಳು ಮೆಲ್ಲಗೆ ಬರುತ್ತದೆ. ಅದು ಬಿಟ್ಟುಹೋದ ಬೆಳ್ಳಿಯಂಥ ಅಂಟೇ ಕಂಪನಿಯ ಹೆಸರಾಗುತ್ತದೆ. ಏಳನೆಯ ಸೆಕೆಂಡಿಗೆ ಹುಳು ನಿಂತು, ಕತ್ತು ತಿರುಗಿಸಿ ಹಿಂದೆ ನೋಡುತ್ತದೆ. ಅಷ್ಟರಲ್ಲಿ ಅಂಗಡಿಯವನು, “ಆಡೋದಾದ್ರೆ ಆಡು, ಇಲ್ಲಾಂದ್ರೆ ನಡಿ” ಎಂದು ಬಟನ್ ಒತ್ತಿಬಿಟ್ಟ. ಆ ಕಂಪನಿ ಮಾಡಿದ್ದು ಅದೊಂದೇ ಗೇಮು. ಆಮೇಲೆ ಬಾಗಿಲು ಹಾಕಿಕೊಂಡಿತು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಲೋಗೋ ಹನ್ನೊಂದು ಸೆಕೆಂಡಿನದು ಎಂಬ ಮಾಹಿತಿ ಸಿಕ್ಕಿತು, ಜೊತೆಗೆ ಒಂದೇ ಒಂದು ವಿಡಿಯೋ. ಅದರಲ್ಲಿ ಆ ಪುಣ್ಯಾತ್ಮ ನಾಲ್ಕನೆಯ ಸೆಕೆಂಡಿಗೇ ಬಟನ್ ಒತ್ತಿದ್ದ.

ಹೀಗೆ ಇಪ್ಪತ್ತೆಂಟು ವರ್ಷ ಕೊನೆಯ ನಾಲ್ಕು ಸೆಕೆಂಡು ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹುಳು ತಿರುಗಿ ಏನು ನೋಡಿತು? ಆಮೇಲೆ ಏನು ಮಾಡಿತು? ಊಟದ ಮಧ್ಯೆ ಕೈ ನಿಲ್ಲಿಸಿ ಶೂನ್ಯ ನೋಡಿದನೆಂದರೆ ಬಸವನಹುಳು ಬಂತು ಎಂದೇ ಅರ್ಥ.

ಹೋದ ತಿಂಗಳು ಹಳೆಯ ಸಾಮಾನಿನ ಅಂಗಡಿಯಲ್ಲಿ, ತಂತಿಗಳ ರಾಶಿಯ ಕೆಳಗೆ, ಆ ಗೇಮಿನ ಕ್ಯಾಸೆಟ್ಟು ಅವನಿಗೆ ಸಿಕ್ಕಿತು.

“ಆಡೋಕೆ ಬರುತ್ತೆ ಅಂತ ಗ್ಯಾರಂಟಿ ಇಲ್ಲ ಸಾರ್” ಎಂದನಂತೆ ಅಂಗಡಿಯವನು.

“ಪರವಾಗಿಲ್ಲ, ನಾನೂ ಆಡಲ್ಲ” ಎಂದನಂತೆ ಇವನು.

ಕ್ಲಿನಿಕ್ಕಿನಿಂದ ಸ್ಪಿರಿಟ್ಟು, ಹತ್ತಿ ತಂದು ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ಒಂದೊಂದಾಗಿ ಒರೆಸಿದ. ಅದನ್ನು ಓಡಿಸಬೇಕಾದ ಗೇಮ್ ಪೆಟ್ಟಿಗೆಗೂ ಮೂವತ್ತು ವರ್ಷವಾಗಿತ್ತು. “ಎರಡೂ ಮುದಿಯಾಗಿವೆ, ಎಷ್ಟು ಸಲ ಓಡ್ತವೋ ಗೊತ್ತಿಲ್ಲ. ಮೊದಲನೇ ಸಲಕ್ಕೇ ಎಲ್ಲಾರೂ ಇರಬೇಕು” ಎಂದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನಮ್ಮನ್ನು ಕರೆದ. ಫೋನಿನಲ್ಲಿ ವಿಡಿಯೋ ತೆಗೆಯುವ ಹೊಣೆಯನ್ನು ನನಗೆ ಒಪ್ಪಿಸಿದ. ನನ್ನ ಮೇಲೆ ಯಾರಾದರೂ ಭರವಸೆಯಿಟ್ಟರೆ ನನಗೇ ಅವರ ಮೇಲೆ ಮರುಕ ಹುಟ್ಟುತ್ತದೆ.

ಪರದೆ ಎಳೆದಾಯಿತು. ಟಿವಿಯ ಎದುರಿಗೆ ನೆಲದ ಮೇಲೆ ಅವನು, ಪಕ್ಕದಲ್ಲಿ ಅವನಕ್ಕ. ಪೆಟ್ಟಿಗೆ ಎಡಗಡೆ ಸ್ಟೂಲಿನ ಮೇಲಿತ್ತು, ಅದಕ್ಕೆ ಅಂಟಿಕೊಂಡಂತೆ ಕುರ್ಚಿಯಲ್ಲಿ ನಾನು. ನನ್ನ ಹಿಂದೆ ಅತ್ತೆ. ಅವರಿಗೆ ಒಂದು ವಾರದಿಂದ ಮೂಗು ಕಟ್ಟುವಂಥ ನೆಗಡಿ, ಅದರ ಮೇಲೆ ಕೆಳಗಿನ ಹಲ್ಲಿನ ಸೆಟ್ಟು ಎಂಟು ತಿಂಗಳಿಂದ ವಸಡು ಒತ್ತುತ್ತಿತ್ತು. “ಊರೋರಿಗೆಲ್ಲ ಹಲ್ಲು ಮಾಡ್ತಾನೆ, ಹೆತ್ತವಳಿಗೆ ಮಾತ್ರ ‘ನಾಳೆ ನೋಡೋಣಮ್ಮ’” ಎಂದು ಗೊಣಗುತ್ತಲೇ ಕೂತರು.

“ಅಮ್ಮಾ, ಶ್!”

ಸ್ವಿಚ್ ಹಾಕಿದ. ಕಪ್ಪು ಪರದೆ. ಎಡಗಡೆಯಿಂದ ಬಸವನಹುಳು ಬಂತು. ನಿಜ ಹೇಳುತ್ತೇನೆ, ನನಗೂ ಎದೆ ಹೊಡೆದುಕೊಂಡಿತು. ಮೂರು ಸೆಕೆಂಡು. ನಾಲ್ಕು. ಐದನೆಯ ಸೆಕೆಂಡಿಗೆ ಪೆಟ್ಟಿಗೆಯ ಹಿಂದಿನಿಂದ ಊದುಬತ್ತಿಯ ಗಾತ್ರದ ಹೊಗೆ ಎದ್ದಿತು. ನಾನು ನೋಡಿದೆ. ನನ್ನ ಹೆಂಡತಿಯೂ ನೋಡಿದಳು. ಇಬ್ಬರೂ ಮಾತಾಡಲಿಲ್ಲ, ಲೋಗೋ ನಡೆಯುತ್ತಿತ್ತಲ್ಲ! ಅವಳು ಕಣ್ಣಲ್ಲೇ ನನಗೆ ಪೆಟ್ಟಿಗೆ ತೋರಿಸಿದಳು. ಅದನ್ನು ವಿಡಿಯೋ ತೆಗೆಯಿರಿ ಎನ್ನುತ್ತಿದ್ದಾಳೆಂದು ತಿಳಿದು ನಾನು ಫೋನನ್ನು ಆ ಕಡೆ ತಿರುಗಿಸಿದೆ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವಳ ಕಣ್ಸನ್ನೆಯನ್ನು ನಾನು ಒಮ್ಮೆಯೂ ಸರಿಯಾಗಿ ಓದಿದವನಲ್ಲ.

ಏಳನೆಯ ಸೆಕೆಂಡು. ಹುಳು ನಿಂತಿತು, ಕತ್ತು ತಿರುಗಿಸಿತು. ಸರಿಯಾಗಿ ಆಗಲೇ ಹೊಗೆಯ ವಾಸನೆ ನಮ್ಮವನ ಮೂಗಿಗೆ ತಾಕಿತು. ಪ್ಲಾಸ್ಟಿಕ್ಕು ಸುಡುವ ವಾಸನೆ. ಅವನ ಕೋಣೆಯಲ್ಲಿ ಆ ವಾಸನೆ ಬಂತೆಂದರೆ ಯಾರದೋ ಹಲ್ಲು ಸುಡುತ್ತಿದೆ ಎಂದೇ ಲೆಕ್ಕ. ಹದಿನೆಂಟು ವರ್ಷದ ಅಭ್ಯಾಸ, ಕತ್ತು ಸರ್ರನೆ ತಾನೇ ತಿರುಗಿತು. ಹೊಗೆ ನೋಡಿದ, ಬಾಯಿ ತೆರೆದ. ಆದರೆ ಕಟ್ಟಳೆ ಮಾಡಿದವನು ಅವನೇ, ಸದ್ದು ಹೊರಡಲಿಲ್ಲ. ಮತ್ತೆ ಟಿವಿಯ ಕಡೆ ತಿರುಗುವಷ್ಟರಲ್ಲಿ ‘ಟಕ್’ ಎಂದಿತು, ಎಲ್ಲ ಕತ್ತಲು.

ಆಮೇಲೆ ಎಲ್ಲರೂ ಒಟ್ಟಿಗೆ ಕಿರುಚಿದೆವು. ಹೆಂಡತಿ ಪ್ಲಗ್ ಕಿತ್ತಳು, ಕಿಟಕಿ ತೆಗೆದಳು. ಪೆಟ್ಟಿಗೆಯೂ ಕ್ಯಾಸೆಟ್ಟೂ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

“ಹೊಗೆ ಬರ್ತಿದ್ರೆ ಹೇಳಬಾರದೇನಕ್ಕಾ?”

“ಮಾತಾಡಬೇಡಿ ಅಂದೋನು ನೀನೇ ತಾನೆ!”

“ಭಾವ, ನೀವು ರೆಕಾರ್ಡ್ ಮಾಡಿದ್ರಲ್ಲ, ತೋರ್ಸಿ, ತೋರ್ಸಿ!”

ತೋರಿಸಿದೆ. ಹೊಗೆ ಬಹಳ ಚೆನ್ನಾಗಿ ಬಂದಿತ್ತು.

ಅವನು ಫೋನಿನಿಂದ ಕಣ್ಣು ತೆಗೆದ. ಕರಗಿದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ನಲವತ್ತರ ಗಂಡಸಿನ ಕೆಳತುಟಿ ನಡುಗುವುದನ್ನು ನೋಡಿ ನನಗೆ ನಗು ಬರಲಿಲ್ಲ. ನಗುವುದೇ ನನ್ನ ಕಸುಬು, ಆದರೂ ಬರಲಿಲ್ಲ.

ಆಗ ಹಿಂದಿನಿಂದ ಅತ್ತೆ ಕೇಳಿದರು: “ಯಾಕ್ರೋ ಎಲ್ಲಾ ಹೀಗೆ ಕೂತಿದ್ದೀರಿ? ಚೆನ್ನಾಗೇ ಇತ್ತಲ್ಲ ಅದು!”

ನಾವು ಮೂವರೂ ತಿರುಗಿದೆವು. ನೆಗಡಿಯಿಂದ ಅವರಿಗೆ ವಾಸನೆ ತಿಳಿದಿರಲಿಲ್ಲ. ಅವರಿಗೂ ಪೆಟ್ಟಿಗೆಗೂ ನಡುವೆ ನನ್ನ ದೇಹ ಅಡ್ಡವಿದ್ದದ್ದರಿಂದ, ಅದು ಸಣ್ಣ ದೇಹವೂ ಅಲ್ಲವಾದ್ದರಿಂದ, ಹೊಗೆ ಕಂಡಿರಲಿಲ್ಲ. ಮೂವತ್ತು ವರ್ಷ “ಆರಿಸೋ ಆ ಶನಿಯನ್ನ” ಎನ್ನುತ್ತಿದ್ದ ಅತ್ತೆ ಒಬ್ಬರೇ ಹನ್ನೊಂದು ಸೆಕೆಂಡನ್ನೂ ಪೂರ್ತಿ ನೋಡಿದ್ದರು.

ಆರಂಭಶೂರ ಮಂಡಿಯ ಮೇಲೇ ತೆವಳಿಕೊಂಡು ಅವರ ಕಾಲ ಬಳಿ ಬಂದ. “ಅಮ್ಮಾ, ತಿರುಗಿ ನೋಡ್ತಲ್ಲ, ಆಮೇಲೆ ಏನಾಯ್ತು?”

ಅತ್ತೆ ಬಾಯಿ ತೆರೆದರು. ಮಗನ ಮುಖ ನೋಡಿದರು. ಮುಚ್ಚಿದರು. ಆಮೇಲೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, “ಹೇಳ್ತಿದ್ದೆ ಕಣಪ್ಪಾ. ಆದ್ರೆ ಈ ಸೆಟ್ಟು ಹಾಕ್ಕೊಂಡು ಅಷ್ಟುದ್ದದ ಮಾತಾಡೋಕೆ ಆಗಲ್ಲ. ಎಡಗಡೆ ಒತ್ತುತ್ತೆ” ಎಂದರು.

“ನಾಳೆ ಖಂಡಿತ...”

“ಹಾಗಾದ್ರೆ ನಾಳೇನೇ ಹೇಳ್ತೀನಿ.”

ಹತ್ತು ನಿಮಿಷದಲ್ಲಿ ನಾವು ಬೀದಿಯಲ್ಲಿದ್ದೆವು. ತಪ್ಪಿತಸ್ಥನಾದ್ದರಿಂದ ನಾನೂ ಹೊರಟೆ. ಕ್ಲಿನಿಕ್ಕು ಇರುವುದು ಮೂರು ಬೀದಿ ಆಚೆ. ಅತ್ತೆ ಎಂದೂ ಅಷ್ಟು ನಿಧಾನವಾಗಿ ನಡೆದದ್ದಿಲ್ಲ. ಮಗ ಹತ್ತು ಹೆಜ್ಜೆ ಮುಂದೆ ಹೋಗುವನು, ನಿಲ್ಲುವನು, ತಿರುಗಿ ನೋಡುವನು. ಅತ್ತೆ ಅಂಗಡಿಯೊಂದರ ಮುಂದೆ ನಿಂತು ಬಕೆಟ್ಟುಗಳನ್ನು ಪರಿಶೀಲಿಸುತ್ತಿರುವರು.

ಭಾನುವಾರವಾದ್ದರಿಂದ ಡಾಕ್ಟರಿರಲಿಲ್ಲ, ಕೀಲಿ ಇವನ ಹತ್ತಿರವೇ ಇತ್ತು. ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು ಸಾಲಾಗಿ ನಮ್ಮನ್ನು ನೋಡಿ ಹಲ್ಲುಕಿರಿಯುತ್ತಿದ್ದವು. ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಸೆಟ್ಟಿನ ಒಳಮೈಗೆ ಬಿಳಿ ಪೇಸ್ಟು ಸವರಿ ಕಚ್ಚಿಸಿದ. ಪೇಸ್ಟು ಅಳಿಸಿಹೋದ ಕಡೆಯಲ್ಲೇ ವಸಡಿಗೆ ಒತ್ತುವುದಂತೆ. ಅಲ್ಲಿ ಯಂತ್ರ ಹಿಡಿದು ಜುಯ್ ಎಂದು ಉಜ್ಜಿದ. ಮತ್ತೆ ಸವರಿದ, ಮತ್ತೆ ಉಜ್ಜಿದ.

“ಈಗ?”

“ಇನ್ನೊಂಚೂರು ಎಡಗಡೆ.”

“ಈಗಮ್ಮಾ?”

“ಅಲ್ಲಿ ಸರಿಯಾಯ್ತು. ಬಲಗಡೆ ತುದೀಲಿ ಚುಚ್ಚುತ್ತೆ.”

ಎಂಟು ತಿಂಗಳು ‘ನಾಳೆ’ ಎಂದವನಿಂದ ಅತ್ತೆ ನಲವತ್ತು ನಿಮಿಷ ದುಡಿಸಿಕೊಂಡರು. ಕೊನೆಗೆ ಹೊಳಪು ಕೊಟ್ಟು, ತೊಳೆದು ಹಾಕಿಸಿದ. ಅತ್ತೆ ಎರಡು ಸಲ ಕಟಕಟ ಎನಿಸಿ ನೋಡಿದರು. ಮುಖ ಅರಳಿತು. “ಇಷ್ಟೇ ಕೆಲಸಕ್ಕೆ ನನ್ನ ಇಷ್ಟು ದಿನ ಅಳಿಸಿದ್ಯೇನೋ ಪಾಪಿ?” ಎಂದರು.

ಅವನು ತಲೆತಗ್ಗಿಸಿ, “ತಪ್ಪಾಯ್ತಮ್ಮ” ಎಂದ. ಲೋಗೋಗಾಗಿ ಹೇಳಿದ ಹಾಗೆ ಕೇಳಿಸಲಿಲ್ಲ.

ಆಮೇಲೆ ಅತ್ತೆ ಹೇಳಿದರು: “ಅದು ತಿರುಗಿ ನಮ್ಮ ಕಡೇನೇ ನೋಡ್ತು ಕಣೋ. ಎಲ್ಲಾ ಬಾಯಿಬಿಟ್ಕೊಂಡು ಕೂತಿದ್ರಲ್ಲ, ನಾಚಿಕೆ ಆಗಿರಬೇಕು. ಒಳಗೆ ಹೊರಟೋಯ್ತು. ಚಿಪ್ಪಿನಲ್ಲಿ ಒಂದು ಪುಟಾಣಿ ಕಿಟಕಿ, ಒಳಗೆ ದೀಪ ಹತ್ತಿತು. ಅರಿಶಿನದ ಬಣ್ಣ. ಒಂದು ಗಳಿಗೆಗೆ ಅದೂ ಆರಿತು. ಬಾಗಿಲು ಹಾಕ್ಕೊಂಡು ಚಿಲಕ ಹಾಕ್ಕೊಂಡ್ತು.”

“ಚಿಲಕ ಹಾಕಿದ್ದು ಕಾಣಿಸ್ತಾ?”

“ಕಾಣಿಸಲಿಲ್ಲ. ಕೇಳಿಸ್ತು.”

ಅವನು ನನ್ನತ್ತ ನೋಡಿದ. ನಾನು ಫೋನ್ ತೆಗೆದು ಹೊಗೆಯ ವಿಡಿಯೋವನ್ನು ಹಾಕಿ, ಸದ್ದು ಪೂರ್ತಿ ಹೆಚ್ಚಿಸಿದೆ. ಮೂವರೂ ಉಸಿರು ಬಿಗಿಹಿಡಿದು ಕೇಳಿದೆವು. ಹತ್ತನೆಯ ಸೆಕೆಂಡು ದಾಟುತ್ತಿದ್ದಂತೆ ‘ಟಕ್’. ಪೆಟ್ಟಿಗೆ ಸತ್ತ ಸದ್ದು ಎಂದು ನಾವೆಲ್ಲ ತಿಳಿದಿದ್ದೆವಲ್ಲ, ಅದೇ. ಪೆಟ್ಟಿಗೆ ಸತ್ತ ಸದ್ದು ಅದಾದ ಮೇಲೆ ಬೇರೆಯೇ ಬಂತು, ಬುಸ್ ಎಂದು. ಆ ‘ಟಕ್’ ಚಿಲಕದ್ದೇ. ಎಂಟು ಸಲ ಹಾಕಿ ಕೇಳಿದ. ಒಂಬತ್ತನೆಯ ಸಲಕ್ಕೆ ಕಣ್ಣೊರೆಸಿಕೊಂಡು, ಪ್ಲಾಸ್ಟರಿನ ಪುಡಿ ಮುಖಕ್ಕೆಲ್ಲ ಬಳಿದುಕೊಂಡ.

ನೋಟುಬುಕ್ಕು ತೆಗೆದು ಬರೆದ: ಆರುನೂರ ಹದಿಮೂರು. ಹನ್ನೊಂದು ಸೆಕೆಂಡು. ಕಪ್ಪು, ಬೆಳ್ಳಿ, ಅರಿಶಿನ. ಚಿಲಕ. ಯಾರ ಜೊತೆ ಕೂತು ನೋಡಿದ್ದು ಎಂಬ ಕಡೆ ಪೆನ್ನು ನಿಂತಿತು. ಸ್ವಲ್ಪ ಯೋಚಿಸಿ, ‘ನೋಡಿದ್ದು ಅಮ್ಮ’ ಎಂದು ಬರೆದ.

ವಾಪಸು ಬರುವಾಗ ಅತ್ತೆಯ ನಡಿಗೆ ನಮ್ಮಿಬ್ಬರಿಗಿಂತ ಚುರುಕಾಗಿತ್ತು. ಮೆಟ್ಟಿಲ ಹತ್ತಿರ ನಿಂತು ಮಗನಿಗೆ ಹೇಳಿದರು:

“ಇಂಥದ್ದು ಇನ್ಯಾವುದಾದ್ರೂ ನೋಡದೆ ಉಳಿದಿದ್ರೆ ತಂದು ಹಾಕು, ನಾನೇ ನೋಡಿ ಹೇಳ್ತೀನಿ. ಆದ್ರೆ ನಿನ್ನ ಭಾವನ್ನ ಇವತ್ತು ಕೂರಿಸಿದ ಜಾಗದಲ್ಲೇ ಕೂರಿಸು. ಹೊಗೆಗೆ ಅಡ್ಡಕ್ಕೆ ಚೆನ್ನಾಗಿರ್ತಾರೆ.”