ಬೇರೆ ಗ್ರಹದಲ್ಲಿ ಬಿಟ್ಟುಬಂದ ಮೆಕ್ಯಾನಿಕ್

ಬೈಲಹೊಂಗಲದಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಉದ್ಯೋಗ. ಭಾನುವಾರ ಮಾತ್ರ ಬಾಗಿಲು ಅರ್ಧ ಎಳೆದು, ಹಿಂದಿನ ಕೋಣೆಯಲ್ಲಿ ನಾನೂ ನನ್ನ ಗೆಳೆಯನೂ ಟಿವಿಯೆದುರು ಕೂತು ವಿಡಿಯೊ ಗೇಮ್ ಆಡುತ್ತೇವೆ. ಇಬ್ಬರಿಗೂ ನಲವತ್ತು ದಾಟಿದೆ. ನಗುವವರು ನಗಲಿ. ಗೆಳೆಯ ಸವದತ್ತಿ, ಸುರೇಬಾನ, ರಾಮದುರ್ಗದ ಕಡೆ ಟೆಂಪೊ ಓಡಿಸುವವನು. ದಿನಾಲೂ ಗಾಡಿ ನಡೆಸುವುದು ಅವನು, ರಿಪೇರಿ ಮಾಡುವುದು ನಾನು. ಆಟದಲ್ಲಿ ಅದು ಅದಲುಬದಲು: ನಾನು ಅಂತರಿಕ್ಷ ಹಡಗಿನ ಕ್ಯಾಪ್ಟನ್, ಅವನು ಮೆಕ್ಯಾನಿಕ್.

ಆ ಆಟದ ಕೊನೆಯಲ್ಲಿ ಮೆಕ್ಯಾನಿಕ್ ಒಂದು ಗ್ರಹದ ಗಣಿಯೊಳಗೆ ಸಿಕ್ಕಿಕೊಳ್ಳುತ್ತಾನೆ. ಅವನು ಓಡಿಬಂದು ಹಡಗು ಹತ್ತಲು ಇರುವುದು ನೂರು ಎಣಿಸುವಷ್ಟು ಸಮಯ. ನಾವು ಅಲ್ಲಿಗೆ ಮುಟ್ಟಿದ ಭಾನುವಾರ, ಸರಿಯಾಗಿ ಎಣಿಕೆ ಶುರುವಾಗುವಾಗ ಹೊರಗೆ ಬಸ್ಸಿನವನು ಹಾರ್ನ್ ಬಾರಿಸತೊಡಗಿದ. ಗೆಳೆಯನ ಟೆಂಪೊ ಅಡ್ಡ ನಿಂತಿತ್ತು. "ತಡಿಯೋ, ಬಂದೆ" ಎಂದು ಅವನು ಕಂಟ್ರೋಲರ್ ಕೆಳಗಿಟ್ಟು ಎದ್ದ. ಇತ್ತ ಆರು ಕಾಲಿನ ಪ್ರಾಣಿಗಳು ಹಡಗಿನತ್ತ ನುಗ್ಗಿಬಂದವು. ಎಣಿಕೆ ಇನ್ನೂ ಮೂರಕ್ಕೆ ಬಂದಿತ್ತು, ಆಗಲೇ ನಾನು ಹಡಗು ಹಾರಿಸುವ ಗುಂಡಿ ಒತ್ತಿಬಿಟ್ಟೆ. ಹೆದರಿದ್ದೆ, ಅಷ್ಟೇ. ಅವನು ಮರಳಿ ಬಂದಾಗ ಹಡಗು ಆಕಾಶದಲ್ಲಿತ್ತು. "ತೊಂಬತ್ತೇಳರತನಕ ಕಾದೆ" ಎಂದೆ. ಅವನು ನಂಬಿ ನನ್ನ ಬೆನ್ನು ಚಪ್ಪರಿಸಿದ. ಆ ಸುಳ್ಳು ನಾಲ್ಕು ವರ್ಷ ಹಾಯಾಗಿ ಮಲಗಿತ್ತು.

ಈ ವರ್ಷ ಆ ಆಟದ ಎರಡನೇ ಭಾಗದ ಟ್ರೇಲರ್ ಬಂತು. ಒಂದೂವರೆ ನಿಮಿಷದ್ದು. ಬೂದಿ ಸುರಿಯುವ ಗ್ರಹ, ತಲೆ ನರೆತ ಕ್ಯಾಪ್ಟನ್, ಬಂಡೆಯ ಮೇಲೆ ಎಡಗೈಯ ಒಂದು ಗವಸು. ಕೊನೆಗೊಂದು ಸಾಲು: ಮೊದಲ ಭಾಗದಲ್ಲಿ ನೀವು ಮಾಡಿದ್ದೆಲ್ಲ ಎರಡನೇ ಭಾಗಕ್ಕೆ ನೆನಪಿರುತ್ತದೆ.  ಮೆಕ್ಯಾನಿಕ್ ಬದುಕಿದ್ದರೆ ಮೂರಕ್ಕೇ ಯಾಕೆ ಹೋದೆ ಎಂದು ಕೇಳದೆ ಬಿಡುತ್ತಾನೆಯೇ? ಅದೂ ಗೆಳೆಯ ನನ್ನ ಪಕ್ಕದಲ್ಲೇ ಕೂತಿರುವಾಗ. ಹಾಗಾಗಿ ಮೆಕ್ಯಾನಿಕ್ ಸತ್ತಿರಲೇಬೇಕಿತ್ತು.

"ಗವಸು ಅವಂದ. ಅಂದ್ರ ಜೀವಂತ ಅದಾನ" ಎಂದ ಗೆಳೆಯ.

"ಗಾಳಿ ಇಲ್ಲದ ಊರಾಗ ಹೆಂಗ ಬದುಕ್ತಾನ?"

"ಮೆಕ್ಯಾನಿಕ್ ಅದಾನೋ. ಕಂಪ್ರೆಸರ್ ಮಾಡ್ಕೊಂಡಿರ್ತಾನ."

"ಉಣ್ಣಾಕ?"

"ಆ ಆರು ಕಾಲಿನವು ಅದಾವಲ್ಲ. ಹಾಲ ಹಿಂಡ್ತಿರಬೇಕು."

ಅವನ ಲೆಕ್ಕದಲ್ಲಿ ಮೆಕ್ಯಾನಿಕ್ ಅಲ್ಲೇ ಮದುವೆಯಾಗಿದ್ದಾನೆ, ಮೂರು ಮಕ್ಕಳಿದ್ದಾರೆ, ಗಣಿಯ ಬಾಯಿಗೆ ಗ್ಯಾರೇಜು ಹಾಕಿದ್ದಾನೆ. ಎರಡನೇ ಭಾಗದಲ್ಲಿ ಕ್ಯಾಪ್ಟನ್ನನ ಹಡಗು ಕೆಟ್ಟು ಅದೇ ಗ್ಯಾರೇಜಿಗೆ ಬರುತ್ತದೆ. ಕಥೆ ಚೆನ್ನಾಗಿತ್ತು, ಅದೇ ನನ್ನನ್ನು ಕೆರಳಿಸಿತು. "ಸತ್ತಾನ, ಬಿಡೋ ಅತ್ಲಾಗ. ಅಂಥಾ ಮೆಕ್ಯಾನಿಕ್ ಇದ್ರೆಷ್ಟು, ಹೋದ್ರೆಷ್ಟು" ಎಂದುಬಿಟ್ಟೆ.

ಗೆಳೆಯ ಎದ್ದು ಹೋದ. ಮೂರು ವಾರ ಬರಲಿಲ್ಲ, ಫೋನು ಎತ್ತಲಿಲ್ಲ. ನಡುವೆ ರಂಜಾನ್ ಹಬ್ಬ ಬಂದುಹೋಯಿತು. ಪ್ರತಿ ವರ್ಷ ಅವನ ಮನೆಯಿಂದ ಬರುತ್ತಿದ್ದ ಸುರಕುಂಬಾ ಪಾಯಸದ ಡಬ್ಬಿ ಬರಲಿಲ್ಲ. ನನ್ನ ಹೆಂಡತಿ ಬಟ್ಟಲುಗಳನ್ನು ತೊಳೆದಿಟ್ಟು ಸಂಜೆಯವರೆಗೆ ಕಾದಳು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಸಂಪಗಾಂವದ ಹಿರಿಯರೊಬ್ಬರು ರಿಪೇರಿಯಾದ ಮೋಟಾರು ಒಯ್ಯಲು ಬಂದರು. ಸುತ್ತಲಿನ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಹೊಲಮನೆ ಪಾಲು ಮಾಡಿಸುವವರು ಅವರೇ. ನನ್ನ ಜೋಲು ಮುಖ ನೋಡಿ ವಿಷಯ ಕೆದಕಿದರು. ಮೂರರ ಸಂಗತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅವರು ಬೇಕಂತಲೇ ಗೆಳೆಯನ ಟೆಂಪೊ ಕರೆಸಿ, ಮೋಟಾರಿನ ಜೊತೆ ನನ್ನನ್ನೂ ಹತ್ತಿಸಿಕೊಂಡು, ತಾವು ನಮ್ಮಿಬ್ಬರ ನಡುವೆ ಕೂತರು. ದಾರಿಯುದ್ದಕ್ಕೂ ಗೆಳೆಯ ಆಡಿದ್ದು ಒಂದೇ ಮಾತು: "ಬಾಗಲಾ ಸರಿಯಾಗಿ ಹಾಕ್ಕೊಳ್ಳಾಕ ಹೇಳ್ರಿ ಅವಗ."

ತಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕೊಟ್ಟು ಹಿರಿಯರು ವಿಚಾರಣೆ ಶುರು ಮಾಡಿದರು.

"ಸತ್ತಾನ ಅಂತೀಯಲ್ಲ, ಹೆಣಾ ಯಾರ ನೋಡ್ಯಾರ?"

"ಯಾರೂ ನೋಡಿಲ್ರಿ."

"ಹಡಗಿನ ಉತಾರದಾಗ ಯಾರ್ಯಾರ ಹೆಸರೈತಿ?"

ಹೊಲಕ್ಕೆ ಪಹಣಿ ಇರುವಂತೆ ಅಂತರಿಕ್ಷದ ಹಡಗಿಗೂ ಮಾಲೀಕರ ಹೆಸರಿನ ಒಂದು ಉತಾರ ಇದ್ದೇ ಇರುತ್ತದೆಂದು ಅವರು ಗಟ್ಟಿಯಾಗಿ ನಂಬಿದ್ದರು. ಆಟದ ಶುರುವಿಗೆ ಇಬ್ಬರ ಹೆಸರನ್ನೂ ಹಾಕಿದ್ದೆವು ಎಂದೆ.

"ಅಂದ್ರ ಅರ್ಧಾ ಹಡಗ ಅವಂದು. ಅವನ ಹಿಂದ ಆ ಮೂರೂ ಮಕ್ಕಳು ವಾರಸದಾರರು. ವಯಸ್ಸಿಗೆ ಬಂದಾರೇನು?"

"ಇನ್ನೂ ಸಣ್ಣವರ ಅದಾರ್ರಿ" ಎಂದು ಗೆಳೆಯ ಬಹಳ ಗಂಭೀರವಾಗಿ ಹೇಳಿದ.

ಹಿರಿಯರು ನನ್ನ ಕಡೆ ತಿರುಗಿದರು. "ಪಾಲುದಾರನ್ನ ಬಿಟ್ಟ ಬಂದಿ. ಎಷ್ಟೊತ್ತು ಕಾದಿ?"

 ಅಷ್ಟರಲ್ಲಿ ಗೆಳೆಯನೇ ಉತ್ತರ ಕೊಟ್ಟ. "ಅದರಾಗ ಇವಂದೇನೂ ತಪ್ಪಿಲ್ರಿ ಕಾಕಾ. ನೂರರಾಗ ತೊಂಬತ್ತೇಳರತನಕ ಕಾದಾನ. ಬ್ಯಾರೆದವ್ರಾಗಿದ್ರ ಹತ್ತಕ್ಕ ಓಡಿರತಿದ್ರು."

ಮೂರು ವಾರ ನನ್ನ ಮುಖ ನೋಡದವನು ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದ. ನನ್ನಿಂದ ತಡೆಯಲಾಗಲಿಲ್ಲ.

"ಮೂರಕ್ಕ ಒತ್ತೀನ್ರಿ" ಎಂದೆ. "ಹೆದರಿದ್ದೆ."

ಹಿರಿಯರು ಕಪ್ಪು ಕೆಳಗಿಟ್ಟರು. ಗೆಳೆಯ ನಿಧಾನವಾಗಿ ನನ್ನತ್ತ ತಿರುಗಿದ.

"ಮೂರಕ್ಕ ನಾ ಇನ್ನೂ ಚಪ್ಪಲಿ ಸೈತ ಹಾಕ್ಕೊಂಡಿದ್ದಿಲ್ಲೋ."

 ಹಿರಿಯರು ತೀರ್ಪು ಕೊಟ್ಟರು: ಹೆಣ ಸಿಗುವವರೆಗೆ ಮೆಕ್ಯಾನಿಕ್ ಜೀವಂತ, ಎರಡನೇ ಭಾಗದಲ್ಲಿ ಕ್ಯಾಪ್ಟನ್ ತಾನೇ ಹೋಗಿ ಅವನನ್ನು ಕಾಣಬೇಕು. ಆಟ ತಯಾರಿಸುವವರಿಗೂ ಇದನ್ನು ಬರೆದು ತಿಳಿಸಿ ಎಂದರು.

ವಾಪಸು ಬರುವಾಗ ಟೆಂಪೊದಲ್ಲಿ ನಾವಿಬ್ಬರೇ.  ಅರ್ಧ ದಾರಿಗೆ ಬಂದಾಗ ನಾನೇ ಕೇಳಿದೆ.

"ಕ್ಯಾಪ್ಟನ್ ಹೊಳ್ಳಿ ಬಂದ ಅಂತ ತಿಳಕೋ. ಗ್ಯಾರೇಜಿನ ಬಾಗಲದಾಗ ನಿಂತ. ಮೆಕ್ಯಾನಿಕ್ ಒಳಗ ಕರೀತಾನೇನು?"

ಗೆಳೆಯ ಗೇರ್ ಬದಲಿಸಿದ. 

"ಕರೀತಾನ. ಮೊದಲ ಬಾಗಲದಾಗ ಒಂದೀಟ ನಿಂದ್ರಸ್ತಾನ."

"ನಿಂದ್ರತಾನ ಬಿಡು" ಎಂದೆ.